ನಾಲ್ಕು ಲೋಟ, ಒಂದೇ ನಾಲಗೆ: ಐಪಿಎ ಹೋಲಿಸುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಡಿಯಾ ಪೇಲ್ ಏಲ್ ಅಥವಾ ಐಪಿಎ ಎಂಬ ಕಹಿ ಬಿಯರ್‌ನ ಕುರಿತಾಗಿವೆ. ಗೆಳೆಯರು ಒಂದು ಸಂಜೆ ಹೊರಗೆ ಸೇರಿ, ಬೇರೆ ಬೇರೆ ಕ್ರಾಫ್ಟ್ ತಯಾರಕರ ಐಪಿಎಗಳನ್ನು ಎದುರಿಗಿಟ್ಟುಕೊಂಡು ಯಾವುದು ಮೇಲು ಎಂದು ಚರ್ಚಿಸುವಾಗ ಹುಟ್ಟಿದ ಪ್ರಶ್ನೆಗಳೇ ಇವೆಲ್ಲ. ಒಂದೇ ಧಾಟಿಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಒಂದೇ ಸಂಜೆ ಆರು ಐಪಿಎಗಳನ್ನು ಹೋಲಿಸಿದೆವು. ಮೊದಲು ಬಂದದ್ದು ಶೇ 8.5 ಮದ್ಯಾಂಶದ ಡಬಲ್ ಐಪಿಎ, ಕೊನೆಗೆ ಬಂದದ್ದು ಶೇ 4.5ರ ಸೆಷನ್ ಐಪಿಎ. ಮೊದಲನೆಯದಕ್ಕೆ ಎಲ್ಲರೂ ಒಮ್ಮತದಿಂದ ಮೊದಲ ಸ್ಥಾನ ಕೊಟ್ಟು, ಕೊನೆಯದನ್ನು ಬರೀ ನೀರು ಎಂದು ತಳ್ಳಿಹಾಕಿದೆವು. ಮೂರು ದಿನ ಬಿಟ್ಟು ಅದೇ ಸೆಷನ್ ಐಪಿಎಯನ್ನು ಒಬ್ಬನೇ ಕುಡಿದಾಗ ಅದು ಬಹಳ ಹಿಡಿಸಿತು. ಯಾವ ತೀರ್ಪನ್ನು ನಂಬಬೇಕು?

ಉತ್ತರ: ಮೂರು ದಿನ ಬಿಟ್ಟು ಕೊಟ್ಟ ತೀರ್ಪನ್ನೇ ನಂಬಿ. ಆ ಸಂಜೆ ನೀವು ಆರು ಬಿಯರ್‌ಗಳನ್ನು ಹೋಲಿಸಲಿಲ್ಲ, ಅವು ಮೇಜಿಗೆ ಬಂದ ಸರದಿಯನ್ನು ಹೋಲಿಸಿದಿರಿ. ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹಾಪ್ ಎಂಬ ಹೂವಿನ ಕಹಿ ಉಪ್ಪಿನಂತೆಯೋ ಸಕ್ಕರೆಯಂತೆಯೋ ನುಂಗಿದೊಡನೆ ನಾಲಗೆಯನ್ನು ಬಿಟ್ಟು ಹೋಗುವಂಥದ್ದಲ್ಲ. ಅದು ನಿಧಾನವಾಗಿ ಏರಿ, ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ, ಮತ್ತು ಹಿಂದಿನ ಗುಟುಕಿನ ಕಹಿ ಪೂರ್ತಿ ಇಳಿಯುವ ಮೊದಲೇ ಮುಂದಿನ ಗುಟುಕು ತೆಗೆದುಕೊಂಡರೆ ಎರಡೂ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಅದರ ಜೊತೆಗೆ ಡಬಲ್ ಐಪಿಎಯಲ್ಲಿ ಉಳಿದುಕೊಂಡಿರುವ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯದ) ಸಿಹಿ, ಹೆಚ್ಚಿನ ಮದ್ಯಾಂಶದ ಬಿಸಿ ಹಾಗೂ ಮೂಗು ತುಂಬುವ ಘಮ ಇವೆಲ್ಲ ಸೇರಿ ನಿಮ್ಮ ಇಂದ್ರಿಯಗಳ ಅಳತೆಗೋಲನ್ನೇ ಬದಲಿಸಿರುತ್ತವೆ. ಆ ಅಳತೆಗೋಲಿನಿಂದ ಅಳೆದರೆ ಶೇ 4.5ರ ಹಗುರ ಬಿಯರ್ ನೀರಿನಂತೆ ಕಾಣದೆ ಇನ್ನೇನಾದೀತು?

ಇನ್ನೊಂದು ತೊಡಕೂ ಇದೆ. ಐಪಿಎ ಎಂಬುದು ಈಗ ಒಂದು ಬಿಯರ್‌ನ ಹೆಸರಾಗಿ ಉಳಿದಿಲ್ಲ, ಒಂದು ದೊಡ್ಡ ಕುಟುಂಬದ ಹೆಸರಾಗಿದೆ. ಸೆಷನ್ ಐಪಿಎ ಸಾಮಾನ್ಯವಾಗಿ ಶೇ 5ರೊಳಗೆ ನಿಲ್ಲುತ್ತದೆ. ಸಾಧಾರಣ ಅಮೆರಿಕನ್ ಐಪಿಎ ಶೇ 5.5ರಿಂದ 7.5ರ ನಡುವೆ ಇರುತ್ತದೆ. ಡಬಲ್ ಐಪಿಎ ಅಲ್ಲಿಂದ ಶುರುವಾಗಿ ಶೇ 10ರವರೆಗೂ ಹೋಗುತ್ತದೆ. ಇವುಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಒಂದು, ಎರಡು, ಮೂರು ಎಂದು ಸ್ಥಾನ ಹಂಚುವುದು ನೂರು ಮೀಟರ್ ಓಟಗಾರನನ್ನೂ ಮ್ಯಾರಥಾನ್ ಓಟಗಾರನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದಂತೆ. ಸೆಷನ್ ಐಪಿಎಯನ್ನು ತಯಾರಿಸಿದವನು ಗಟ್ಟಿ ರುಚಿಯನ್ನು ಬೇಕೆಂದೇ ಬಿಟ್ಟುಕೊಟ್ಟು, ಕಡಿಮೆ ಮಾಲ್ಟಿನಲ್ಲಿಯೂ ಹಾಪ್ ಒರಟಾಗಿ ಕಾಣದಂತೆ ತೂಗಿಸಿರುತ್ತಾನೆ. ಅವನ ಕೆಲಸ ಹೆಚ್ಚು ಕಷ್ಟದ್ದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ತಪ್ಪನ್ನು ಮುಚ್ಚಿಡಲು ಅಲ್ಲಿ ಸಿಹಿಯ ಹೊದಿಕೆ ಇರುವುದಿಲ್ಲ.

ಮುಂದಿನ ಸಲ ಆರರ ಬದಲು ನಾಲ್ಕಕ್ಕೆ ನಿಲ್ಲಿಸಿ. ಅವು ಆದಷ್ಟು ಒಂದೇ ಬಗೆಯವಾಗಿರಲಿ. ಬಗೆಗಳು ಬೇರೆಯಾಗಿದ್ದರೆ ಹಗುರದಿಂದ ಬಲದ ಕಡೆಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಯ ಕಡೆಗೆ ಸಾಗಿ. ಒಂದೊಂದು ಲೋಟದಲ್ಲಿ 100ರಿಂದ 120 ಮಿಲಿ ಸಾಕು. ನಡುನಡುವೆ ನೀರು ಕುಡಿಯಿರಿ, ಬೇಕಿದ್ದರೆ ಉಪ್ಪಿಲ್ಲದ ಸಪ್ಪೆ ಬ್ರೆಡ್ಡಿನ ಒಂದು ಚೂರು ತಿನ್ನಿ. ಖಾರದ ತಿಂಡಿಯನ್ನು ಹೋಲಿಕೆ ಮುಗಿಯುವವರೆಗೆ ದೂರವಿಡುವುದು ಒಳ್ಳೆಯದು, ಏಕೆಂದರೆ ಮೆಣಸಿನಕಾಯಿಯ ಉರಿ ಮತ್ತು ಮದ್ಯದ ಉರಿ ಎರಡೂ ಬಾಯಿಯಲ್ಲಿ ಒಂದೇ ನರದ ದಾರಿ ಹಿಡಿಯುವುದರಿಂದ ಒಂದು ಮತ್ತೊಂದನ್ನು ಕೆರಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಲೋಟದಲ್ಲಿ ಎರಡು ಗುಟುಕನ್ನು ಉಳಿಸಿಕೊಂಡು ನಾಲ್ಕನೆಯದು ಮುಗಿದ ಮೇಲೆ ಅದಕ್ಕೆ ಮರಳಿ. ಆಗ ಅದು ಮೊದಲಿನಂತೆಯೇ ಕಂಡರೆ ನಿಮ್ಮ ಟಿಪ್ಪಣಿ ಗಟ್ಟಿ. ಬೇರೆಯಾಗಿ ಕಂಡರೆ ಬದಲಾದದ್ದು ಬಿಯರ್ ಅಲ್ಲ, ನೀವು.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಗೆಳೆಯನೊಬ್ಬ ಮೂರು ಲೋಟಗಳನ್ನು ತಂದಿಟ್ಟು, ಎರಡರಲ್ಲಿ ಒಂದೇ ಬಿಯರ್ ಇದೆ, ಬೇರೆಯಾದದ್ದನ್ನು ಗುರುತಿಸು ಎಂದ. ಮೂಸಿದೆ, ಸವಿದೆ, ನೊರೆಯ ಬಣ್ಣವನ್ನೂ ನೋಡಿದೆ. ಮಧ್ಯದ ಲೋಟದಲ್ಲಿ ದೇವದಾರು ಮರದ ಅಂಟಿನ ವಾಸನೆ ಸ್ಪಷ್ಟವಾಗಿದೆ ಎಂದು ಐದು ನಿಮಿಷ ವಿವರಿಸಿದೆ. ಮಧ್ಯದ್ದೂ ಎಡಗಡೆಯದ್ದೂ ಒಂದೇ ಕ್ಯಾನಿನಿಂದ ಸುರಿದವಾಗಿದ್ದವು. ಈ ಮೂರು ಲೋಟಗಳ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಕೈ ತೋರಿಸಿದರೂ ಮೂರಕ್ಕೊಂದು ಸಲ ಉತ್ತರ ಸರಿಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಹಾಗಾಗಿ ಒಮ್ಮೆ ಗೆದ್ದವರು ಬೀಗುವಂತಿಲ್ಲ.

ಪ್ರಶ್ನೆ: ಒಂದು ಕ್ಯಾನಿನ ಮೇಲೆ ಕಹಿಯ ಅಳತೆಯಾಗಿ 70 ಐಬಿಯು, ಇನ್ನೊಂದರ ಮೇಲೆ 45 ಐಬಿಯು ಎಂದಿತ್ತು. ನಮಗೆ 45ರದ್ದೇ ಹೆಚ್ಚು ಕಹಿಯೆನಿಸಿತು. ಮುದ್ರಿಸಿದ ಅಂಕಿ ತಪ್ಪೇ, ನಮ್ಮ ನಾಲಗೆ ತಪ್ಪೇ?

ಉತ್ತರ: ಎರಡೂ ಸರಿಯಿರಬಹುದು. ಹಾಪ್ ಹೂವಿನೊಳಗಿರುವ ಆಲ್ಫಾ ಆಮ್ಲಗಳು ತಮ್ಮಷ್ಟಕ್ಕೆ ಬಿಯರ್‌ನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಾಲ್ಟಿನ ರಸದೊಂದಿಗೆ ಅವನ್ನು ಕುದಿಸಿದಾಗ ಅಣುವಿನ ಆಕಾರ ಬದಲಾಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ, ಬಿಯರ್‌ನ ಕಹಿ ಬಹುಪಾಲು ಇವುಗಳದ್ದೇ. ಒಂದು ಲೀಟರಿನಲ್ಲಿ ಇವು ಎಷ್ಟು ಮಿಲಿಗ್ರಾಂ ಇವೆ ಎಂಬುದರ ಹತ್ತಿರದ ಅಂದಾಜೇ ಐಬಿಯು. ಪ್ರಯೋಗಾಲಯದಲ್ಲಿ ಅದನ್ನು ಅಳೆಯುವವರು ಬಿಯರ್‌ಗೆ ಆಮ್ಲ ಬೆರೆಸಿ, ಐಸೋ ಆಕ್ಟೇನ್ ಎಂಬ ದ್ರಾವಕದಿಂದ ಕಹಿ ಪದಾರ್ಥಗಳನ್ನು ಸೆಳೆದುಕೊಂಡು, 275 ನ್ಯಾನೋಮೀಟರ್ ಅತಿನೇರಳೆ ಬೆಳಕನ್ನು ಆ ದ್ರಾವಣ ಎಷ್ಟು ಹೀರುತ್ತದೆ ಎಂದು ನೋಡಿ, ಬಂದ ಅಂಕಿಯನ್ನು 50ರಿಂದ ಗುಣಿಸುತ್ತಾರೆ. ಆ ಯಂತ್ರಕ್ಕೆ ನಾಲಗೆಯಿಲ್ಲ. ಆ ಬೆಳಕನ್ನು ಹೀರುವ ಬೇರೆ ಹಾಪ್ ಪದಾರ್ಥಗಳಿದ್ದರೆ, ಅವು ಅಷ್ಟು ಕಹಿಯಾಗಿರಲಿ ಬಿಡಲಿ, ಅವೂ ಲೆಕ್ಕಕ್ಕೆ ಸೇರುತ್ತವೆ. ಕುದಿಸುವಿಕೆ ಮುಗಿದು ಬಿಯರ್ ತಣ್ಣಗಾದ ಮೇಲೆ ಘಮಕ್ಕಾಗಿ ಹಾಪ್ ನೆನೆಸುವ ಡ್ರೈ ಹಾಪಿಂಗ್ ವಿಧಾನವನ್ನು ಧಾರಾಳವಾಗಿ ಬಳಸಿದ ಬಿಯರ್‌ಗಳಲ್ಲಿ ಈ ಅಂಕಿ ಹೆಚ್ಚಾಗಿ ದಾರಿ ತಪ್ಪಿಸುವುದು ಇದೇ ಕಾರಣಕ್ಕೆ. ಇದಲ್ಲದೆ, ಎಷ್ಟೋ ಕ್ಯಾನುಗಳ ಮೇಲಿನ ಸಂಖ್ಯೆ ಅಳೆದು ಬಂದದ್ದಾಗಿರದೆ, ಎಷ್ಟು ಹಾಪ್ ಹಾಕಿದೆವು, ಎಷ್ಟು ಹೊತ್ತು ಕುದಿಸಿದೆವು ಎಂಬ ಸೂತ್ರದಿಂದ ಲೆಕ್ಕ ಹಾಕಿದ್ದಾಗಿರುತ್ತದೆ. ಹಾಗಾಗಿ 150 ಐಬಿಯು ಎಂದು ಜಂಬದಿಂದ ಮುದ್ರಿಸಿದ ಕ್ಯಾನ್ ಕಂಡಾಗ ನಾನು ನಕ್ಕು ಸುಮ್ಮನಾಗುತ್ತೇನೆ. ಐಸೋ ಆಲ್ಫಾ ಆಮ್ಲಗಳು ಬಿಯರ್‌ನಲ್ಲಿ ಕರಗಿ ಉಳಿಯುವ ಮಿತಿ ಲೀಟರಿಗೆ ಸುಮಾರು 100 ಮಿಲಿಗ್ರಾಂ ಆಸುಪಾಸಿನಲ್ಲಿದೆ.

ಎರಡನೆಯ ಕಾರಣ ಸಿಹಿ. ಹುದುಗು ಬರುವ ಮೊದಲು ಮಾಲ್ಟಿನ ರಸ ನೀರಿಗಿಂತ ಎಷ್ಟು ದಟ್ಟವಾಗಿತ್ತು ಎಂಬುದನ್ನು ಮೂಲ ಸಾಂದ್ರತೆ ಎನ್ನುತ್ತಾರೆ. ನಿಮ್ಮ 70 ಐಬಿಯು ಬಿಯರ್‌ನ ಮೂಲ ಸಾಂದ್ರತೆ 1.075 ಇದ್ದಿತು, 45ರದ್ದರದು 1.045 ಇದ್ದಿತು ಎಂದುಕೊಳ್ಳೋಣ. ಮನೆಯಲ್ಲಿ ಬಿಯರ್ ಮಾಡುವವರು ಐಬಿಯುವನ್ನು ಸಾಂದ್ರತೆಯ ಕೊನೆಯ ಎರಡಂಕಿಯಿಂದ ಭಾಗಿಸಿ ನೋಡುತ್ತಾರೆ: ಮೊದಲನೆಯದಕ್ಕೆ 70 ಭಾಗಿಸು 75, ಅಂದರೆ 0.93, ಎರಡನೆಯದಕ್ಕೆ 45 ಭಾಗಿಸು 45, ಅಂದರೆ ಸರಿಯಾಗಿ 1. ಸಿಹಿಯ ಆಸರೆ ಕಡಿಮೆಯಿರುವ ಎರಡನೆಯದು ಹೆಚ್ಚು ಕಹಿಯೆನಿಸುವುದು ಸಹಜ.

ಮೂರನೆಯದನ್ನು ಹೇಳಲು ಕನ್ನಡವೇ ಅನುಕೂಲ. ನಮ್ಮಲ್ಲಿ ಕಹಿಗೂ ಒಗರಿಗೂ ಬೇರೆ ಬೇರೆ ಮಾತುಗಳಿವೆ, ಆದರೂ ಬಿಯರ್ ಎದುರಿಗಿದ್ದಾಗ ಎರಡನ್ನೂ ಕಹಿಯೆಂದೇ ಕರೆದುಬಿಡುತ್ತೇವೆ. ಕಹಿ ಒಂದು ರುಚಿ. ಒಗರು ಒಂದು ಸ್ಪರ್ಶ, ಹಾಪ್‌ನ ಎಲೆಭಾಗದ ಪಾಲಿಫೀನಾಲ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಂಡಾಗ ಕೆನ್ನೆಯ ಒಳಭಾಗ ಒಣಗಿ ಸೆಳೆದಂತಾಗುವುದು. ನುಂಗಿದ ಮೇಲೆ ನಾಲಗೆಯ ಹಿಂಬದಿಯಲ್ಲಿ ಏನೋ ನಿಂತಿದೆ ಅನ್ನಿಸಿದರೆ ಕಹಿ ಎಂದು ಬರೆಯಿರಿ, ನಾಲಗೆಯನ್ನು ಅಂಗುಳಕ್ಕೆ ಉಜ್ಜಿದಾಗ ಜಾರದೆ ತಡೆದರೆ ಒಗರು ಎಂದು ಬರೆಯಿರಿ. ಈ ಎರಡು ಮಾತುಗಳನ್ನು ಬೇರ್ಪಡಿಸಿದರೆ ನಿಮ್ಮ ಮೇಜಿನ ಮೇಲಿನ ಅರ್ಧ ಜಗಳ ಅಲ್ಲೇ ತೀರುತ್ತದೆ. ಉಳಿದರ್ಧ ತೀರದಿರಬಹುದು, ಏಕೆಂದರೆ ಮನುಷ್ಯರಲ್ಲಿ ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳಲ್ಲಿ ಹಾಪ್‌ನ ಕಹಿಗೆ ಓಗೊಡುವುದು ಕೆಲವು ಮಾತ್ರ, ಮತ್ತು ಈ ಗ್ರಾಹಕಗಳ ಚುರುಕುತನ ಒಬ್ಬರಿಂದೊಬ್ಬರಿಗೆ ಹುಟ್ಟಿನಿಂದಲೇ ಬೇರೆ ಬೇರೆ.

ಪ್ರಶ್ನೆ: ಮೋಡ ಕವಿದಂತೆ ಮಬ್ಬಾಗಿರುವ ಹೇಜಿ ಐಪಿಎ ಎಂದರೆ ಸರಿಯಾಗಿ ಸೋಸದ ಬಿಯರ್ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಅದನ್ನು ಮುಟ್ಟುವುದೇ ಇಲ್ಲ. ಕಿರಿಯರು ಮಬ್ಬಾದಷ್ಟೂ ಒಳ್ಳೆಯದು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರೂ ಕಣ್ಣಿನಿಂದ ರುಚಿ ನೋಡುತ್ತಿದ್ದಾರೆ. ಮಬ್ಬು ಬರುವುದು ಮುಖ್ಯವಾಗಿ ಓಟ್ಸ್ ಮತ್ತು ಗೋಧಿಯಿಂದ ಬಂದ ಪ್ರೋಟೀನುಗಳು ಹಾಪ್‌ನ ಪಾಲಿಫೀನಾಲ್‌ಗಳೊಂದಿಗೆ ಸೇರಿ ತೇಲುವ ಸೂಕ್ಷ್ಮ ಕಣಗಳಾಗುವುದರಿಂದ, ಸೋಸಲು ಮರೆತದ್ದರಿಂದಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ದಿ ಆಲ್ಕೆಮಿಸ್ಟ್ ಎಂಬ ಬ್ರೂವರಿಯ ಹೆಡಿ ಟಾಪರ್ 2011ರಲ್ಲಿ ಕ್ಯಾನಿಗೆ ಬಂದ ಮೇಲೆ ಈ ಶೈಲಿ ದೂರದೂರಕ್ಕೆ ಹೆಸರಾಯಿತು, ಆ ಕಡೆಯ ರಾಜ್ಯಗಳ ಹೆಸರಿನಿಂದಲೇ ಅದಕ್ಕೆ ನ್ಯೂ ಇಂಗ್ಲೆಂಡ್ ಐಪಿಎ ಎಂಬ ಹೆಸರೂ ಬಂತು; 2018ರಲ್ಲಿ ಅಲ್ಲಿನ ಬ್ರೂವರ್ಸ್ ಅಸೋಸಿಯೇಷನ್ ತನ್ನ ಶೈಲಿಗಳ ಪಟ್ಟಿಯಲ್ಲಿ ಜ್ಯೂಸಿ ಅಥವಾ ಹೇಜಿ ಎಂಬ ವರ್ಗಕ್ಕೆ ಅಧಿಕೃತ ಜಾಗ ಕೊಟ್ಟಿತು.

ಇದರ ಎದುರಿಗೆ ನಿಲ್ಲುವುದು ಅಮೆರಿಕದ ಪಶ್ಚಿಮ ಕರಾವಳಿಯ ವೆಸ್ಟ್ ಕೋಸ್ಟ್ ಐಪಿಎ: ತಿಳಿಯಾದ ಹೊಂಬಣ್ಣ, ಒಣ ಮುಕ್ತಾಯ, ಮುಚ್ಚುಮರೆಯಿಲ್ಲದ ಕಹಿ. ಇವೆರಡರ ವ್ಯತ್ಯಾಸ ನೀರಿನಿಂದಲೇ ಶುರುವಾಗುತ್ತದೆ. ಸಲ್ಫೇಟ್ ಹೆಚ್ಚಿರುವ ನೀರು ಕಹಿಯ ಅಂಚನ್ನು ಹರಿತಗೊಳಿಸಿ ಬಾಯಿಯನ್ನು ಒಣಗಿಸುತ್ತದೆ, ಕ್ಲೋರೈಡ್ ಹೆಚ್ಚಿರುವ ನೀರು ರುಚಿಯನ್ನು ದುಂಡಗೆ ತುಂಬಿಸುತ್ತದೆ. ವೆಸ್ಟ್ ಕೋಸ್ಟ್ ಮಾಡುವವರು ಮೊದಲನೆಯದರ ಕಡೆ, ಹೇಜಿ ಮಾಡುವವರು ಎರಡನೆಯದರ ಕಡೆ ವಾಲುತ್ತಾರೆ. ಹೇಜಿಯಲ್ಲಿ ಕುದಿಯುವ ರಸಕ್ಕೆ ಹಾಕುವ ಹಾಪ್ ಕಡಿಮೆ, ಒಲೆ ಆರಿದ ಮೇಲೆ ಮತ್ತು ಹುದುಗು ಬರುವಾಗ ಹಾಕುವುದು ಅಪಾರ. ಹುದುಗಿನ ನಡುವೆ ಬಿದ್ದ ಹಾಪ್‌ನ ಕೆಲವು ತೈಲಾಂಶಗಳನ್ನು ಯೀಸ್ಟ್ ತಾನೇ ಮಾರ್ಪಡಿಸುತ್ತದೆ. ಗುಲಾಬಿಯ ವಾಸನೆಯ ಜೆರಾನಿಯಾಲ್ ನಿಂಬೆಯ ಛಾಯೆಯ ಸಿಟ್ರೊನೆಲ್ಲಾಲ್ ಆಗುವುದು ಇದಕ್ಕೊಂದು ಉದಾಹರಣೆ.

ಹಾಗೆಂದು ಎಲ್ಲ ಮಬ್ಬೂ ಒಳ್ಳೆಯದಲ್ಲ. ಒಳ್ಳೆಯ ಹೇಜಿ ಬೆಳಕಿಗೆ ಹಿಡಿದಾಗ ಒಳಗಿನಿಂದ ಹೊಳೆಯುವಂತೆ ಕಾಣುತ್ತದೆ. ಲೋಟದ ತಳದಲ್ಲಿ ಹಸಿರು ಮಿಶ್ರಿತ ಕೆಸರು ಕೂತಿದ್ದರೆ, ಗುಟುಕು ಇಳಿಯುವಾಗ ಗಂಟಲಿನಲ್ಲಿ ಕೆರೆದಂತಾದರೆ, ಹಾಪ್‌ನ ಪುಡಿ ಇನ್ನೂ ಕೆಳಗಿಳಿದಿಲ್ಲ ಎಂದರ್ಥ; ಅದನ್ನು ಬಲ್ಲವರು ಹಾಪ್ ಬರ್ನ್ ಎನ್ನುತ್ತಾರೆ, ಕೆಲವರು ಅದನ್ನೇ ತಾಜಾತನವೆಂದು ಹೊಗಳುವುದೂ ಉಂಟು. ನಾನು ಹೊಗಳಲಾರೆ. ಬಣ್ಣ ಬೂದು ಅಥವಾ ಕಂದಿದ ನೇರಳೆಯ ಕಡೆ ತಿರುಗಿದ್ದರೆ ಆ ಬಿಯರ್‌ಗೆ ಆಮ್ಲಜನಕ ತಗಲಿದೆ, ಅದನ್ನು ಹೋಲಿಕೆಯಿಂದಲೇ ಕೈಬಿಡಿ. ನಿಮ್ಮ ಹಿರಿಯರಿಗೆ ಒಮ್ಮೆ ಕಣ್ಣು ಮುಚ್ಚಿಸಿ ಹೇಜಿಯ ಲೋಟವನ್ನು ಕೈಗೆ ಕೊಟ್ಟು ನೋಡಬಹುದು, ಆಮೇಲಿನ ಮಾತಿಗೆ ನಾನು ಹೊಣೆಯಲ್ಲ.

ಪ್ರಶ್ನೆ: ಭಾರತಕ್ಕೆ ಹಡಗಿನಲ್ಲಿ ಸಾಗಿಸುವಾಗ ಕೆಡಬಾರದೆಂದು ಹಾಪ್ ಮತ್ತು ಮದ್ಯಾಂಶವನ್ನು ಹೆಚ್ಚಿಸಿ ಹಾಡ್ಜ್‌ಸನ್ ಎಂಬಾತ ಐಪಿಎ ಕಂಡುಹಿಡಿದ ಎಂದು ನಮ್ಮ ಗುಂಪಿನಲ್ಲಿ ಪ್ರತಿ ಸಲ ಯಾರಾದರೊಬ್ಬರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ, ಅರ್ಧ ಕಥೆ. ಜಾರ್ಜ್ ಹಾಡ್ಜ್‌ಸನ್ 1752ರಲ್ಲಿ ಲಂಡನ್ನಿನ ಪೂರ್ವದ ಬೋ ಎಂಬಲ್ಲಿ ಬ್ರೂವರಿ ಆರಂಭಿಸಿದ್ದು ನಿಜ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಗೆ ಹತ್ತಿರವಿತ್ತು, ಹಡಗಿನ ಕಪ್ತಾನರಿಗೆ ಸ್ವಂತ ಲಾಭಕ್ಕಾಗಿ ಸರಕು ಒಯ್ಯುವ ಅವಕಾಶವಿತ್ತು, ಆ ಕಪ್ತಾನರಿಗೆ ಹಾಡ್ಜ್‌ಸನ್ ದೀರ್ಘಾವಧಿಯ ಸಾಲದ ಮೇಲೆ ಬಿಯರ್ ಕೊಡುತ್ತಿದ್ದ. ಅಂದರೆ ಅವನನ್ನು ಗೆಲ್ಲಿಸಿದ್ದು ಹೊಸ ಆವಿಷ್ಕಾರಕ್ಕಿಂತ ಹೆಚ್ಚಾಗಿ ಬ್ರೂವರಿಯಿದ್ದ ಜಾಗ ಮತ್ತು ಸಾಲದ ಸೌಕರ್ಯ. ಬಿಸಿ ಸೀಮೆಗಳಿಗೆ ಕಳಿಸುವ ಬಿಯರ್‌ಗೆ ಹೆಚ್ಚು ಹಾಪ್ ಹಾಕಬೇಕೆಂಬ ತಿಳಿವಳಿಕೆ ಆ ಕಾಲದ ಬ್ರೂವರ್‌ಗಳಲ್ಲಿ ಅವನೊಬ್ಬನದೇ ಆಗಿರಲಿಲ್ಲ. ಹಾಪ್‌ನ ಕಹಿ ಆಮ್ಲಗಳು ಬಿಯರ್ ಹುಳಿಸುವ ಲ್ಯಾಕ್ಟೋಬ್ಯಾಸಿಲಸ್‌ನಂತಹ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ ಎಂಬುದು ಇಂದು ತಿಳಿದಿರುವ ಕಾರಣ.

ಮದ್ಯಾಂಶ ವಿಪರೀತವಿತ್ತು ಎಂಬುದಂತೂ ಬರೀ ಕಥೆ. ಅದು ಶೇ 6ರ ಆಸುಪಾಸಿನದ್ದು. ಆ ಕಾಲದ ಇಂಗ್ಲಿಷ್ ಬಿಯರ್‌ಗಳ ನಡುವೆ ಅದೇನೂ ವಿಶೇಷ ಬಲದ್ದಲ್ಲ. ಕಪ್ಪಗಿನ ಪೋರ್ಟರ್ ಬಿಯರ್ ಕೂಡ ಅದೇ ಹಡಗುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಭಾರತಕ್ಕೆ ಬಂದು ಸೈನಿಕರ ಬಾಯಿಗೆ ಬೀಳುತ್ತಿತ್ತು ಎಂಬುದೊಂದೇ, ಪೇಲ್ ಏಲ್ ಮಾತ್ರ ಪ್ರಯಾಣವನ್ನು ತಾಳಿಕೊಂಡಿತು ಎಂಬ ಮಾತನ್ನು ಅಲ್ಲಗಳೆಯಲು ಸಾಕು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಆಲ್‌ಸಪ್ ಮತ್ತು ಬ್ಯಾಸ್ ಬ್ರೂವರಿಗಳು ಈ ವ್ಯಾಪಾರಕ್ಕಿಳಿದ ಮೇಲೆ ಹಾಡ್ಜ್‌ಸನ್ ಮನೆತನದ ಹಿಡಿತ ಸಡಿಲವಾಯಿತು, ಏಕೆಂದರೆ ಜಿಪ್ಸಮ್ ಕರಗಿರುವ ಬರ್ಟನ್ನಿನ ನೀರಿನಲ್ಲಿ ಸಲ್ಫೇಟ್ ಹೇರಳವಾಗಿದ್ದು, ಹಾಪ್ ಹೆಚ್ಚಿರುವ ತಿಳಿಬಣ್ಣದ ಬಿಯರ್‌ಗೆ ಅದು ಹೇಳಿ ಮಾಡಿಸಿದಂತಿತ್ತು. ಮೇಲೆ ಹೇಳಿದ ವೆಸ್ಟ್ ಕೋಸ್ಟ್ ಬಿಯರ್‌ನ ಹರಿತ ಕಹಿಗಾಗಿ ಇಂದಿನವರು ನೀರಿಗೆ ಜಿಪ್ಸಮ್ ಬೆರೆಸುವುದಕ್ಕೆ ಬರ್ಟನೈಸ್ ಮಾಡುವುದು ಎಂದೇ ಹೆಸರು. ಇನ್ನೊಂದು ತಮಾಷೆಯೆಂದರೆ, ಈಸ್ಟ್ ಇಂಡಿಯಾ ಪೇಲ್ ಏಲ್ ಎಂಬ ಹೆಸರು ಅಚ್ಚಾಗಿ ಸಿಕ್ಕಿರುವ ಅತಿ ಹಳೆಯ ಜಾಹೀರಾತುಗಳಲ್ಲೊಂದು 1829ರ ಸಿಡ್ನಿ ಪತ್ರಿಕೆಯದು. ಭಾರತದ ಹೆಸರಿನ ಬಿಯರ್‌ಗೆ ಆಗಲೇ ಆಸ್ಟ್ರೇಲಿಯಾದಲ್ಲಿ ಗಿರಾಕಿಗಳಿದ್ದರು.

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಹೋಲಿಕೆಯಲ್ಲಿ ಗೆದ್ದ ಅದೇ ಐಪಿಎ ಈ ಸಲ ಸಪ್ಪೆಯಾಗಿತ್ತು, ಏನೋ ಒದ್ದೆ ಕಾಗದದ ವಾಸನೆಯೂ ಇತ್ತು. ತಯಾರಕರು ಗುಣಮಟ್ಟ ಇಳಿಸಿದ್ದಾರೆಯೇ?

ಉತ್ತರ: ಆ ಆರೋಪ ಹೊರಿಸುವ ಮೊದಲು ಕ್ಯಾನಿನ ತಳವನ್ನು ತಿರುಗಿಸಿ ತುಂಬಿದ ದಿನಾಂಕವನ್ನು ಓದಿ. ಐಪಿಎಯಲ್ಲಿ ಮೊದಲು ಹಾರಿಹೋಗುವುದು ನಾವು ಯಾವುದಕ್ಕಾಗಿ ಅದನ್ನು ಕೊಳ್ಳುತ್ತೇವೆಯೋ ಆ ಘಮವೇ. ಕಹಿ ನಿಧಾನವಾಗಿ ಕುಗ್ಗುತ್ತದೆ, ಮಾಲ್ಟಿನ ಸಿಹಿ ಜೇನಿನಂತೆ ಮುಂದೆ ಬರುತ್ತದೆ, ಕೊನೆಗೆ ನೀವು ಹೇಳಿದ ಒದ್ದೆ ಕಾಗದದ ವಾಸನೆ. ತುಂಬಿ ಮೂರು ತಿಂಗಳು ದಾಟಿದ್ದನ್ನು, ಅದೂ ಬೆಚ್ಚಗಿನ ಕಪಾಟಿನಲ್ಲಿ ಕೂತಿದ್ದನ್ನು, ಹೋಲಿಕೆಗೆ ತರಬೇಡಿ. ಉಷ್ಣತೆ 10 ಡಿಗ್ರಿ ಏರಿದರೆ ಹಳಸುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ಒರಟು ಲೆಕ್ಕವನ್ನು ಇಟ್ಟುಕೊಂಡರೆ, ಶೀತಕದಲ್ಲಿ 4 ಡಿಗ್ರಿಯಲ್ಲಿದ್ದ ಕ್ಯಾನಿಗಿಂತ 24 ಡಿಗ್ರಿಯ ಕೋಣೆಯಲ್ಲಿದ್ದ ಕ್ಯಾನ್ ನಾಲ್ಕು ಪಟ್ಟು ಬೇಗ ಮುದಿಯಾಗುತ್ತದೆ. ಎರಡು ತಯಾರಕರ ಬಿಯರ್‌ಗಳನ್ನು ಹೋಲಿಸುವಾಗ ಒಂದು ಎರಡು ವಾರದ್ದು, ಇನ್ನೊಂದು ಐದು ತಿಂಗಳದ್ದು ಆಗಿದ್ದರೆ ನೀವು ಹೋಲಿಸಿದ್ದು ಎರಡು ವಯಸ್ಸುಗಳನ್ನು.

ಬೆಳಕಿನ ಕೆಡುಕು ಬೇರೆಯದೇ. ಐಸೋ ಆಲ್ಫಾ ಆಮ್ಲಗಳ ಒಂದು ತುಣುಕು ಬೆಳಕಿನಿಂದ ಮುರಿದು, ಬಿಯರ್‌ನಲ್ಲೇ ಇರುವ ಗಂಧಕದೊಂದಿಗೆ ಸೇರಿ, ಸ್ಕಂಕ್ ಎಂಬ ಪ್ರಾಣಿಯ ದುರ್ನಾತವನ್ನು ಹೋಲುವ, ಥಯಾಲ್ ಎಂಬ ಬಗೆಯ ಗಂಧಕದ ಸಂಯುಕ್ತವಾಗುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಕಂದು ಬಾಟಲಿ ಬಹುಪಾಲು ತಡೆಯುತ್ತದೆ, ಹಸಿರು ಬಾಟಲಿ ಕಡಿಮೆ, ಕ್ಯಾನ್ ಪೂರ್ತಿ. ಲೋಟ ಮಾತ್ರ ಏನನ್ನೂ ತಡೆಯುವುದಿಲ್ಲ; ಹೊರಗಿನ ಮೇಜಿನಲ್ಲಿ ಇಳಿಬಿಸಿಲಿಗೆ ಇಟ್ಟ ಲೋಟ ಕೆಲವೇ ನಿಮಿಷಗಳಲ್ಲಿ ಕೆಡಬಹುದು.

ಟ್ಯಾಪಿನಿಂದ ಬಂದ ಬಿಯರ್‌ನಲ್ಲಿ ಬೆಣ್ಣೆಯ ಅಥವಾ ವಿನೆಗರಿನ ವಾಸನೆಯಿದ್ದರೆ ಕೊಳವೆ ತೊಳೆಯದಿರುವ ಸಾಧ್ಯತೆಯನ್ನು ಮೊದಲು ನೋಡಿ. ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅಲ್ಲಿ ಎಣ್ಣೆಯೋ ಸಾಬೂನೋ ಉಳಿದಿದೆ. ಬೇರೆ ಲೋಟ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಟಿಪ್ಪಣಿ ಬರೆಯಲು ಕೂತರೆ ನಾವು ಎಲ್ಲ ಬಿಯರ್‌ಗೂ ‘ಹಣ್ಣಿನ ವಾಸನೆ, ಚೆನ್ನಾಗಿದೆ’ ಎಂದಷ್ಟೇ ಬರೆಯುತ್ತೇವೆ. ಇದಕ್ಕಿಂತ ಮುಂದೆ ಹೋಗುವುದು ಹೇಗೆ?

ಉತ್ತರ: ಹಣ್ಣು ಯಾವುದು ಎಂದು ಹುಡುಕುವ ಮೊದಲು, ಅದು ಸಿಪ್ಪೆಯೋ ತಿರುಳೋ ಎಂದು ಕೇಳಿಕೊಳ್ಳಿ. ಕಿತ್ತಳೆಯ ಸಿಪ್ಪೆಯನ್ನು ಮಡಿಸಿದಾಗ ಸಿಡಿಯುವ ಎಣ್ಣೆಯ ವಾಸನೆ ಬೇರೆ, ತೊಳೆಯನ್ನು ಬಾಯಿಗಿಟ್ಟಾಗಿನ ವಾಸನೆ ಬೇರೆ. ವೆಸ್ಟ್ ಕೋಸ್ಟ್ ಐಪಿಎ ಸಾಮಾನ್ಯವಾಗಿ ಸಿಪ್ಪೆಯ ಕಡೆ, ಹೇಜಿ ತಿರುಳಿನ ಕಡೆ. ಆಮೇಲೆ ಹಣ್ಣು ಕಾಯಿಯೋ, ಮಾಗಿದೆಯೋ, ಕಳಿತಿದೆಯೋ ಎಂದು ನೋಡಿ. ಇಷ್ಟಕ್ಕೆ ಕನ್ನಡದಲ್ಲಿ ಮಾತಿನ ಬರವಿಲ್ಲ. ಹಣ್ಣಲ್ಲದಿದ್ದರೆ ಮರದ ಅಂಟೋ, ಆಗಷ್ಟೇ ಕೊಯ್ದ ಹುಲ್ಲೋ, ಹೂವೋ, ಈರುಳ್ಳಿಯ ಘಾಟೋ ಎಂದು ಬರೆಯಿರಿ. ಈರುಳ್ಳಿ ಎಂದು ಬರೆಯಲು ನಾಚಬೇಡಿ, ಗಂಧಕದ ಸಂಯುಕ್ತಗಳು ಹೆಚ್ಚಿರುವ ಕೆಲವು ಹಾಪ್‌ಗಳಲ್ಲಿ ಅದು ನಿಜವಾಗಿಯೂ ಇರುತ್ತದೆ.

ಹಾಪ್ ತಳಿಯ ಹೆಸರು ಕ್ಯಾನಿನ ಮೇಲಿದ್ದರೆ ಟಿಪ್ಪಣಿ ಬರೆದಾದ ಮೇಲೆ ಓದಿ, ಮೊದಲೇ ಓದಿದರೆ ಮೂಗು ಆ ಹೆಸರಿನ ಹಿಂದೆಯೇ ಹೋಗುತ್ತದೆ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯಲ್ಲಿ ಚಕ್ಕೋತವನ್ನು ಹೋಲುವ ಗ್ರೇಪ್‌ಫ್ರೂಟ್ ಹಣ್ಣಿನ ಸಿಪ್ಪೆಯ ವಾಸನೆಯಿದೆ. ಆಂಕರ್ ಬ್ರೂವರಿ 1975ರಲ್ಲಿ ಲಿಬರ್ಟಿ ಏಲ್ ಮಾಡಿದ್ದು ಅದರಿಂದಲೇ, ಇಂದಿನ ಅಮೆರಿಕನ್ ಐಪಿಎಯ ಬೇರುಗಳನ್ನು ಹುಡುಕುವವರು ಹೆಚ್ಚಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಸಿಮ್‌ಕೋ ತಳಿಯಲ್ಲಿ ದೇವದಾರು, ಸಿಟ್ರಾದಲ್ಲಿ ನಿಂಬೆಯ ಜಾತಿಯ ಹಣ್ಣುಗಳೊಂದಿಗೆ ಮಾವು, ನ್ಯೂಜಿಲೆಂಡಿನ ನೆಲ್ಸನ್ ಸೋವಿನ್‌ನಲ್ಲಿ ಬಿಳಿ ವೈನಿನ ಛಾಯೆ. ತೀರಾ ತಣ್ಣಗಿದ್ದಾಗ ಇವು ಯಾವುವೂ ಹೊರಬರುವುದಿಲ್ಲ; ಲೋಟವನ್ನು ಅಂಗೈಯಲ್ಲಿ ಹಿಡಿದು 8ರಿಂದ 10 ಡಿಗ್ರಿಗೆ ಬರಲು ಬಿಡಿ. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳನ್ನೊಮ್ಮೆ ಮೂಸಿ ಮತ್ತೆ ಲೋಟಕ್ಕೆ ಬನ್ನಿ.

ಪ್ರಶ್ನೆ: ಹೋಲಿಕೆಯ ನೆಪದಲ್ಲಿ ನಾವು ಅತಿಯಾಗಿ ಕುಡಿಯುತ್ತಿದ್ದೇವೆಯೇ? ನಮ್ಮಲ್ಲೊಬ್ಬ ಗಾಡಿ ಓಡಿಸಬೇಕಿರುವುದರಿಂದ ಕುಡಿಯುವುದಿಲ್ಲ, ಅವನಿಗೆ ಇದರಲ್ಲೇನಾದರೂ ಪಾಲಿದೆಯೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಸರಾಸರಿ ಶೇ 6.5 ಮದ್ಯಾಂಶದ ಆರು ಐಪಿಎಗಳನ್ನು 330 ಮಿಲಿಯಂತೆ ಕುಡಿದರೆ ಒಳಗೆ ಹೋಗುವ ಶುದ್ಧ ಮದ್ಯ ಸುಮಾರು 100 ಗ್ರಾಂ. ಯಕೃತ್ತು ಗಂಟೆಗೆ ಸರಿಸುಮಾರು 7ರಿಂದ 10 ಗ್ರಾಂ ಮಾತ್ರ ತೀರಿಸಬಲ್ಲದು, ಆದ್ದರಿಂದ ಮರುದಿನ ಬೆಳಗ್ಗೆಯೂ ಲೆಕ್ಕ ಮುಗಿದಿರುವುದಿಲ್ಲ. ನಾನು ಹೇಳಿದ ನಾಲ್ಕು ಚಿಕ್ಕ ಲೋಟಗಳಲ್ಲಿ, ಒಂದೊಂದೂ 120 ಮಿಲಿಯಾದರೆ, ಸುಮಾರು 25 ಗ್ರಾಂ ಇರುತ್ತದೆ. ಅದೂ ನಿರಪಾಯವೆಂದಲ್ಲ, ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಮೂರನೆಯ ದೊಡ್ಡ ಲೋಟದ ನಂತರ ಬರೆದ ಟಿಪ್ಪಣಿಗಳನ್ನು ಮರುದಿನ ಓದಿ ನೋಡಿದವರಿಗೆ ಹೋಲಿಕೆ ಎಲ್ಲಿ ಮುಗಿದಿತ್ತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಗಾಡಿ ಓಡಿಸುವ ಗೆಳೆಯನೇ ನಿಮ್ಮ ಮೇಜಿನ ಅತಿ ಮುಖ್ಯ ವ್ಯಕ್ತಿ. ಯಾವ ಲೋಟದಲ್ಲಿ ಯಾವ ಬಿಯರ್ ಇದೆ ಎಂಬುದು ಅವನೊಬ್ಬನಿಗೆ ಮಾತ್ರ ಗೊತ್ತಿರಲಿ. ನಿಮ್ಮ ಕಣ್ಣಿಗೆ ಬೀಳದಂತೆ ಅವನು ಸುರಿದು, ಲೋಟದ ತಳಕ್ಕೆ ಸಂಖ್ಯೆಯ ಚೀಟಿ ಅಂಟಿಸಿ, ಸರದಿಯನ್ನು ನಿರ್ಧರಿಸಲಿ; ಒಂದೇ ಬಿಯರನ್ನು ಎರಡು ಸಂಖ್ಯೆಗಳಲ್ಲಿ ಕೊಡುವ ತುಂಟತನಕ್ಕೂ ಅವನಿಗೆ ಅವಕಾಶವಿರಲಿ. ಮೂಸಿ ನೋಡಿ ಬರೆಯುವುದಕ್ಕೆ ಅವನಿಗೂ ಅಡ್ಡಿಯಿಲ್ಲ, ಐಪಿಎಯ ಅರ್ಧಕ್ಕಿಂತ ಹೆಚ್ಚು ಸಂಗತಿ ಇರುವುದು ಮೂಗಿಗೇ. ಎಲ್ಲರೂ ತಮ್ಮ ಟಿಪ್ಪಣಿಯನ್ನು ಬರೆದು ಹಾಳೆಯನ್ನು ಮಗುಚಿಡುವವರೆಗೆ ಯಾರೂ ಬಾಯಿ ಬಿಟ್ಟು ಹಣ್ಣಿನ ಹೆಸರು ಹೇಳಕೂಡದು ಎಂಬ ನಿಯಮವನ್ನು ಜಾರಿಗೆ ತರುವ ಕೆಲಸವೂ ಅವನದೇ, ಏಕೆಂದರೆ ಒಬ್ಬರು ಮಾವು ಎಂದೊಡನೆ ಉಳಿದ ಮೂವರ ಲೋಟದಲ್ಲೂ ಮಾವು ಮೊಳೆಯುತ್ತದೆ.